ಒಂದೇ ಹೆಬ್ಬಾಗಿಲು, ಹಲವು ಹೆಸರು
ಜಾಲತಾಣಗಳು ದಾರಿ ತಪ್ಪುವುದೇಕೆ? ತಪ್ಪನ್ನು ಹುಡುಕುವ ಬಗೆ ಹೇಗೆ?

ರಾಯಚೂರು ಸೀಮೆಯ ಹಳೆಯ ಊರುಗಳಲ್ಲಿ ವಾಡೆಗಳೆಂಬ ದೊಡ್ಡ ಮನೆಗಳನ್ನು ವಾಚಕರಲ್ಲಿ ಹಲವರು ನೋಡಿರಬಹುದು. ಸುತ್ತಲೂ ಎತ್ತರದ ಗೋಡೆ, ಮುಂದೆ ಒಂದೇ ಹೆಬ್ಬಾಗಿಲು, ಒಳಗೆ ಅಂಗಳದ ಸುತ್ತ ಅಣ್ಣತಮ್ಮಂದಿರ ನಾಲ್ಕೈದು ಸಂಸಾರಗಳು. ಅಂಚೆಯವನು ಹೆಬ್ಬಾಗಿಲಿಗೆ ಬಂದು, ಲಕೋಟೆಯ ಮೇಲಿನ ಹೆಸರನ್ನು ಓದಿ ಕೂಗುತ್ತಾನೆ. ಹೆಸರಿಗೆ ಸೇರಿದವರು ಬಂದು ಕಾಗದವನ್ನು ಪಡೆಯುತ್ತಾರೆ. ಮನೆಯ ನಂಬರನ್ನು ಮಾತ್ರ ಬರೆದು ಹೆಸರನ್ನು ಬಿಟ್ಟ ಕಾಗದವೊಂದು ಬಂದರೆ ಏನಾಗುವುದು? ಬಾಗಿಲಿಗೆ ಹತ್ತಿರವಿರುವ ಮೊದಲನೆಯ ಸಂಸಾರದವರ ಕೈಗೆ ಅದು ಬೀಳುವುದು. ಕಾಗದ ಕಳೆದುಹೋಗಲಿಲ್ಲ, ಆದರೆ ಸೇರಬೇಕಾದವರಿಗೆ ಸೇರಲೂ ಇಲ್ಲ.

ಇಂದಿನ ಜಾಲತಾಣಗಳ ವ್ಯವಹಾರವೂ ಬಹುಮಟ್ಟಿಗೆ ಹೀಗೆಯೇ ನಡೆಯುತ್ತದೆ. ಒಂದೇ ಯಂತ್ರ ಹತ್ತಾರು, ನೂರಾರು ಜಾಲತಾಣಗಳಿಗೆ ಮನೆಯಾಗಿರುವುದುಂಟು. ಹೊರಗಿನವರಿಗೆ ಪ್ರತಿಯೊಂದು ತಾಣಕ್ಕೂ ತನ್ನದೇ ಯಂತ್ರವಿರುವಂತೆ ತೋರುತ್ತದೆ. ಒಳಗೆ ಇರುವುದು ಒಂದೇ ವಾಡೆ. ಈ ಏರ್ಪಾಡಿಗೆ 'ವರ್ಚುಯಲ್ ಹೋಸ್ಟ್' ಎಂದು ಹೆಸರು. ಕನ್ನಡದಲ್ಲಿ ಬೇಕಾದರೆ 'ತೋರಿಕೆಯ ಆತಿಥೇಯ' ಎನ್ನಬಹುದು. ಏರ್ಪಾಡು ಸರಳವಾದುದು, ಆದರೆ ಹೊಸಬರು ಇದನ್ನು ಕಟ್ಟಲು ಹೊರಟಾಗ ಎಡವುವ ಸ್ಥಳಗಳು ಐದಾರು ಉಂಟು. ಅವನ್ನು ಒಂದು ನಿದರ್ಶನದ ಮೂಲಕ ಪರಿಶೀಲಿಸೋಣ.

ಸಿರವಾರದ ಒಬ್ಬ ವಿದ್ಯಾರ್ಥಿ

ಹಿಂದೆ ಮಾನ್ವಿ ತಾಲ್ಲೂಕಿಗೆ ಸೇರಿದ್ದು ಈಗ ತಾನೇ ತಾಲ್ಲೂಕು ಕೇಂದ್ರವಾಗಿರುವ ಸಿರವಾರದಲ್ಲಿ ಒಬ್ಬ ಕಾಲೇಜು ವಿದ್ಯಾರ್ಥಿ ಇದ್ದಾನೆಂದು ಇಟ್ಟುಕೊಳ್ಳೋಣ. ಅವನು ದೂರದ ಊರಿನಲ್ಲಿರುವ ಲಿನಕ್ಸ್ ಯಂತ್ರವೊಂದನ್ನು ತಿಂಗಳ ಬಾಡಿಗೆಗೆ ಹಿಡಿದು, ಅದರಲ್ಲಿ ಎರಡು ತಾಣಗಳನ್ನು ಇಟ್ಟಿದ್ದಾನೆ. ಮೊದಲನೆಯದು ತನ್ನ ಶಾಲೆಯ ಹಳೆಯ ವಿದ್ಯಾರ್ಥಿಗಳಿಗಾಗಿ. ಅದರ ಹೆಸರು ಇಂಗ್ಲಿಷ್ ಅಕ್ಷರಗಳಲ್ಲಿದೆ. ಎರಡನೆಯದು ಕಾಲುವೆಯ ನೀರಿನ ಸರದಿಯನ್ನು ತಿಳಿಸುವ ಪುಟ. ಓದುವವರು ರೈತರಾದುದರಿಂದ ಅದರ ಹೆಸರನ್ನು ಕನ್ನಡ ಅಕ್ಷರಗಳಲ್ಲಿಯೇ, '.ಭಾರತ' ಎಂಬ ಕೊನೆಯೊಡನೆ ಪಡೆದಿದ್ದಾನೆ.

ಈ ಎರಡನೆಯ ಪುಟದ ಬೆಲೆ ಎಷ್ಟೆಂಬುದನ್ನು ಆ ಭಾಗದವರಿಗೆ ಹೇಳಬೇಕಾಗಿಲ್ಲ. ತುಂಗಭದ್ರಾ ಎಡದಂಡೆಯ ಮುಖ್ಯ ಕಾಲುವೆ ಸುಮಾರು 227 ಕಿಲೋಮೀಟರ್ ಉದ್ದವಾಗಿದೆ. ಅಣೆಕಟ್ಟಿನಿಂದ ಹೊರಟ ನೀರು ಕೊಪ್ಪಳ ಜಿಲ್ಲೆಯನ್ನು ದಾಟಿ ಮಾನ್ವಿ, ಸಿರವಾರ, ರಾಯಚೂರುಗಳ ಕಡೆಗೆ ಬರುವಷ್ಟರಲ್ಲಿ ಕೊನೆಯ ಭಾಗವನ್ನು ಮುಟ್ಟಿರುತ್ತದೆ. ಕೊನೆಭಾಗದ ರೈತನಿಗೆ ತನ್ನ ಸರದಿ ಯಾವ ದಿನ, ಯಾವ ಹೊತ್ತು ಎಂಬುದು ಬೆಳೆಯ ಪ್ರಶ್ನೆ. ಅಂಥವನು ತನ್ನ ಫೋನಿನಲ್ಲಿ ನೀರಿನ ತಾಣದ ಹೆಸರನ್ನು ಒತ್ತಿದರೆ ಕಾಣುವುದೇನು? ಹಳೆಯ ವಿದ್ಯಾರ್ಥಿಗಳ ಸಮ್ಮೇಳನದ ಭಾವಚಿತ್ರ! ಹೆಸರು ಸರಿಯಾಗಿದೆ, ಯಂತ್ರ ಕೆಲಸ ಮಾಡುತ್ತಿದೆ, ಆದರೂ ಕಾಗದ ಬೇರೆಯವರ ಕೈಗೆ ಹೋಗುತ್ತಿದೆ. ಏತಕ್ಕೆ?

ಅಂಕೆಯೂ ಹೆಸರೂ

ಅಂತರ್ಜಾಲಕ್ಕೆ ಸೇರಿದ ಪ್ರತಿಯೊಂದು ಯಂತ್ರಕ್ಕೂ ಅಂಕೆಗಳ ವಿಳಾಸವೊಂದು ಬೇಕು. ಇದಕ್ಕೆ ಐಪಿ ವಿಳಾಸ ಎನ್ನುತ್ತಾರೆ. ಮನುಷ್ಯರಿಗೆ ಅಂಕೆಗಳನ್ನು ನೆನಪಿಡುವುದು ಕಷ್ಟವಾದುದರಿಂದ ಹೆಸರುಗಳನ್ನು ಇಡುವ ರೂಢಿ ಬಂದಿತು. ಹೆಸರನ್ನು ಅಂಕೆಗೆ ತಿರುಗಿಸಿಕೊಡುವ 'ಡಿಎನ್‌ಎಸ್' ವ್ಯವಸ್ಥೆಯನ್ನು ಅಮೆರಿಕದ ಪಾಲ್ ಮೊಕಪೆಟ್ರಿಸ್ 1983ರಲ್ಲಿ ರೂಪಿಸಿದರು. ನಾವು ಹೆಸರನ್ನು ಒತ್ತಿದೊಡನೆ ಬ್ರೌಸರು ಮೊದಲು ಡಿಎನ್‌ಎಸ್ ಅನ್ನು ಕೇಳಿ ಅಂಕೆಯನ್ನು ಪಡೆಯುತ್ತದೆ. ಅನಂತರವೇ ಆ ಅಂಕೆಯ ಯಂತ್ರದ ಬಾಗಿಲನ್ನು ತಟ್ಟುತ್ತದೆ.

ಹೆಸರಿಗೊಂದು ಅಂಕೆಯನ್ನು ಕೊಟ್ಟುಬಿಟ್ಟರೆ ತೊಂದರೆಯೇ ಇರದಲ್ಲ, ಎಂದು ನೀವು ಕೇಳಬಹುದು. ಮೊದಮೊದಲು ಹಾಗೆಯೇ ಮಾಡುತ್ತಿದ್ದರು. ಆದರೆ ಆಗ ಬಳಕೆಯಲ್ಲಿದ್ದ ನಾಲ್ಕನೆಯ ಆವೃತ್ತಿಯ ವಿಳಾಸದಲ್ಲಿ ಇರುವುದು 32 ಬಿಟ್‌ಗಳು ಮಾತ್ರ. ಎರಡನ್ನು ಎರಡರಿಂದ ಹೀಗೆ 32 ಸಲ ಗುಣಿಸಿದರೆ ಬರುವುದು 429,49,67,296. ಜಗತ್ತಿಗೆಲ್ಲ ಇಷ್ಟೇ ವಿಳಾಸಗಳು! ಅವುಗಳ ಮುಖ್ಯ ಉಗ್ರಾಣದಲ್ಲಿ ಉಳಿದಿದ್ದ ಕೊನೆಯ ಐದು ಕಂತೆಗಳನ್ನು 2011ರ ಫೆಬ್ರುವರಿ 3ರಂದು ಹಂಚಿ ಮುಗಿಸಲಾಯಿತು. 128 ಬಿಟ್‌ಗಳ ಆರನೆಯ ಆವೃತ್ತಿ ಇದಕ್ಕೆ ಪರಿಹಾರವಾಗಿ ಬಂದಿದೆಯಾದರೂ ಹಳೆಯದು ಇನ್ನೂ ಬಳಕೆಯಲ್ಲಿದೆ. ಆದುದರಿಂದ ಒಂದು ಅಂಕೆಯನ್ನು ಹಲವು ಹೆಸರುಗಳು ಹಂಚಿಕೊಳ್ಳುವುದು ಅನಿವಾರ್ಯವಾಯಿತು.

ಇಲ್ಲಿ ಒಂದು ತೊಡಕಿತ್ತು. ಸರ್ ಟಿಮ್ ಬರ್ನರ್ಸ್-ಲೀ ಜಾಲವನ್ನು ಆರಂಭಿಸಿದ ಕಾಲದಲ್ಲಿ ಬ್ರೌಸರಿನ ಬೇಡಿಕೆ ಒಂದೇ ಸಾಲಿನದು: "ಇಂಥ ಪುಟವನ್ನು ಕೊಡು." ಯಾರ ಮನೆಯ ಪುಟ ಎಂದು ಅದರಲ್ಲಿ ಹೇಳುತ್ತಿರಲಿಲ್ಲ. ಬಾಗಿಲನ್ನು ತಟ್ಟುವಾಗ ಹೆಸರು ಅಂಕೆಯಾಗಿ ಮಾರ್ಪಟ್ಟಿರುತ್ತಿತ್ತು. ಮೂಲ ಹೆಸರು ಒಳಗಿನವರಿಗೆ ತಿಳಿಯುತ್ತಲೇ ಇರಲಿಲ್ಲ. 1997ರ ಜನವರಿಯಲ್ಲಿ ಪ್ರಕಟವಾದ ಎಚ್‌ಟಿಟಿಪಿ 1.1 ನಿಯಮಾವಳಿ ಈ ಕೊರತೆಯನ್ನು ನೀಗಿಸಿತು. ಬೇಡಿಕೆಯೊಡನೆ 'ಹೋಸ್ಟ್' ಎಂಬ ಸಾಲಿನಲ್ಲಿ ತಾಣದ ಹೆಸರನ್ನು ಬರೆಯಲೇಬೇಕು. ಬರೆಯದಿದ್ದರೆ ಸರ್ವರು 400 ಎಂಬ ಸಂಖ್ಯೆಯೊಡನೆ ಬೇಡಿಕೆಯನ್ನು ತಿರಸ್ಕರಿಸಬೇಕು. ಲಕೋಟೆಯ ಮೇಲೆ ಹೆಸರು ಬಂದಿತು. ವಾಡೆಯಲ್ಲಿ ಹಲವು ಸಂಸಾರಗಳು ಬಾಳುವಂತಾಯಿತು.

ಇದಕ್ಕೆ ನಿದರ್ಶನ ನಮ್ಮ ಕೈಯಳತೆಯಲ್ಲಿಯೇ ಇದೆ. ಕನ್ನಡ ವಿಕಿಪೀಡಿಯ 2003ರಲ್ಲಿ ಆರಂಭವಾಯಿತು. ಕನ್ನಡ ಲಿಪಿಯಲ್ಲಿಯೇ ಬರೆಯುವ ತುಳು ವಿಕಿಪೀಡಿಯ 2016ರಲ್ಲಿ ಬಂದಿತು. ಒಂದೇ ಊರಿನಲ್ಲಿ ಕುಳಿತು ಈ ಎರಡು ಹೆಸರುಗಳನ್ನು ಡಿಎನ್‌ಎಸ್‌ಗೆ ಕೊಟ್ಟು ನೋಡಿ. ಎರಡಕ್ಕೂ ಒಂದೇ ಅಂಕೆ ದೊರೆಯುತ್ತದೆ. ಇಂಗ್ಲಿಷ್ ವಿಕಿಪೀಡಿಯಕ್ಕೂ ಅದೇ. ಬಾಗಿಲು ಒಂದೇ, ಓದುಗನಿಗೆ ಕನ್ನಡವೋ ತುಳುವೋ ಎಂಬುದನ್ನು ನಿರ್ಧರಿಸುವುದು ಬೇಡಿಕೆಯೊಡನೆ ಬಂದ ಹೆಸರು.

ಯಂತ್ರವು ಆರಿಸುವ ಬಗೆ

ನಮ್ಮ ವಿದ್ಯಾರ್ಥಿಯ ಯಂತ್ರದಲ್ಲಿ ಕಾಗದ ಹಂಚುವ ಕೆಲಸವನ್ನು ಮಾಡುವುದು 'ಅಪಾಚೆ' ಎಂಬ ತಂತ್ರಾಂಶ. 1995ರಿಂದ ಬಳಕೆಯಲ್ಲಿರುವ ಇದು ಉಚಿತವಾಗಿ ದೊರೆಯುತ್ತದೆ. ಪ್ರತಿ ತಾಣಕ್ಕೂ ಸಂಯೋಜನಾ ಕಡತದಲ್ಲಿ ಒಂದು 'ವರ್ಚುಯಲ್‌ಹೋಸ್ಟ್' ಪರಿಚ್ಛೇದವನ್ನು ಬರೆಯಬೇಕು. ಅದರಲ್ಲಿ 'ಸರ್ವರ್‌ನೇಮ್' ಎಂಬ ಸಾಲು ತಾಣದ ಹೆಸರನ್ನೂ, 'ಸರ್ವರ್‌ಏಲಿಯಾಸ್' ಅದರ ಅಡ್ಡಹೆಸರುಗಳನ್ನೂ, 'ಡಾಕ್ಯುಮೆಂಟ್‌ರೂಟ್' ಪುಟಗಳನ್ನು ಇಟ್ಟಿರುವ ಕೋಶವನ್ನೂ ತಿಳಿಸುತ್ತವೆ.

ಬೇಡಿಕೆ ಬಂದಾಗ ಅಪಾಚೆ ಮೂರು ಹೆಜ್ಜೆಗಳಲ್ಲಿ ತೀರ್ಮಾನಿಸುತ್ತದೆ. ಮೊದಲು, ಯಾವ ಅಂಕೆಗೆ ಮತ್ತು ಯಾವ ಪೋರ್ಟಿಗೆ, ಎಂದರೆ ಯಾವ ಬಾಗಿಲಿಗೆ, ಬೇಡಿಕೆ ಬಂದಿದೆ ಎಂದು ನೋಡಿ ಅದಕ್ಕೆ ಒಪ್ಪುವ ಪರಿಚ್ಛೇದಗಳನ್ನು ಬೇರ್ಪಡಿಸುತ್ತದೆ. ಎರಡನೆಯದಾಗಿ, ಅವುಗಳಲ್ಲಿ ಹೋಸ್ಟ್ ಸಾಲಿನ ಹೆಸರಿಗೆ ಸರಿಹೊಂದುವುದನ್ನು ಹುಡುಕುತ್ತದೆ. ಯಾವುದೂ ಸರಿಹೊಂದದಿದ್ದರೆ, ಮೂರನೆಯದಾಗಿ, ಅವುಗಳಲ್ಲಿ ಮೊದಲು ಬರೆದಿರುವ ಪರಿಚ್ಛೇದಕ್ಕೆ ಬೇಡಿಕೆಯನ್ನು ಒಪ್ಪಿಸಿಬಿಡುತ್ತದೆ. ಈ ಮೂರನೆಯ ನಿಯಮವನ್ನು ಚೆನ್ನಾಗಿ ಮನಸ್ಸಿನಲ್ಲಿಡಬೇಕು. 'ಬೇರೆ ತಾಣ ತೆರೆಯುತ್ತಿದೆ' ಎಂಬ ದೂರಿನ ಹಿಂದೆ ಬಹುಪಾಲು ಇರುವುದು ಇದೇ. ಯಂತ್ರ ತಪ್ಪು ಮಾಡಲಿಲ್ಲ. ಹೆಸರು ಗುರುತು ಸಿಗದೆ ಮೊದಲನೆಯ ಸಂಸಾರಕ್ಕೆ ಕಾಗದವನ್ನು ಕೊಟ್ಟಿತು.

ಕಾಲುವೆಯ ಗುಂಟ ನಡೆದು ಹೋಗುವುದು

ಹೊಲಕ್ಕೆ ನೀರು ಬಾರದಿದ್ದಾಗ ಅನುಭವಿಯಾದ ರೈತ ಏನು ಮಾಡುತ್ತಾನೆ? ಹೊಲದಲ್ಲಿ ನಿಂತು ಊಹೆ ಮಾಡುವುದಿಲ್ಲ. ಕಾಲುವೆಯ ಗುಂಟ ನಡೆದು, "ನೀರು ಎಲ್ಲಿಯವರೆಗೆ ಬಂದಿದೆ?" ಎಂದು ನೋಡುತ್ತಾನೆ. ಮುಖ್ಯ ಕಾಲುವೆಯಲ್ಲಿ ಇದೆಯೆ? ಉಪಕಾಲುವೆಯಲ್ಲಿ? ತೂಬಿನಲ್ಲಿ? ನೀರಿರುವ ಕೊನೆಯ ಸ್ಥಳಕ್ಕೂ ಇಲ್ಲದಿರುವ ಮೊದಲ ಸ್ಥಳಕ್ಕೂ ನಡುವೆ ತಡೆ ಇರಲೇಬೇಕು. ಯಂತ್ರದ ದೋಷವನ್ನು ಹುಡುಕುವವನಿಗೂ ಇದಕ್ಕಿಂತ ಒಳ್ಳೆಯ ಮಾರ್ಗವಿಲ್ಲ. ನಮ್ಮ ವಿದ್ಯಾರ್ಥಿಯೊಡನೆ ನಾವೂ ನಡೆಯೋಣ.

ಮೊದಲನೆಯ ನಿಲುಗಡೆ ಡಿಎನ್‌ಎಸ್. 'ಡಿಗ್' ಎಂಬ ಆಜ್ಞೆಯಿಂದ ಹೆಸರಿನ ಅಂಕೆಯನ್ನು ಕೇಳಿದರೆ ತನ್ನ ಯಂತ್ರದ ಅಂಕೆಯೇ ಬರಬೇಕು. ಅಂಕೆಯನ್ನು ಇತ್ತೀಚೆಗೆ ಬದಲಿಸಿದ್ದರೆ ಹಳೆಯ ಉತ್ತರವೇ ಕೆಲವು ಗಂಟೆಗಳ ಕಾಲ ಅಲ್ಲಲ್ಲಿ ಉಳಿದಿರುವುದುಂಟು. ಎಷ್ಟು ಹೊತ್ತು ನೆನಪಿಡಬೇಕೆಂಬ ಅವಧಿ ಡಿಎನ್‌ಎಸ್ ದಾಖಲೆಯಲ್ಲಿಯೇ ಇರುತ್ತದೆ. ಹೆಸರಿಗೆ ಆರನೆಯ ಆವೃತ್ತಿಯ ವಿಳಾಸವೂ ಇದ್ದರೆ ಅದನ್ನೂ ನೋಡತಕ್ಕದ್ದು. ಒಂದು ಸರಿಯಾಗಿದ್ದು ಇನ್ನೊಂದು ಬೇರೆ ಯಂತ್ರವನ್ನು ತೋರುತ್ತಿದ್ದರೆ ಕೆಲವರಿಗೆ ಸರಿ, ಕೆಲವರಿಗೆ ತಪ್ಪು ಎಂಬ ವಿಚಿತ್ರ ಸ್ಥಿತಿ ಉಂಟಾಗುತ್ತದೆ. ನಮ್ಮ ವಿದ್ಯಾರ್ಥಿಗೆ ಇಲ್ಲಿ ದೋಷ ಕಾಣಲಿಲ್ಲ.

ಎರಡನೆಯದು ಹೆಬ್ಬಾಗಿಲು. ಸಾಮಾನ್ಯ ಬೇಡಿಕೆಗಳಿಗೆ 80ನೆಯ ಪೋರ್ಟು, ಗುಪ್ತಲಿಪಿಯ ಬೇಡಿಕೆಗಳಿಗೆ 443ನೆಯದು. 'ಸಂಪರ್ಕ ನಿರಾಕರಿಸಲಾಗಿದೆ' ಎಂದು ತಟ್ಟನೆ ಉತ್ತರ ಬಂದರೆ ಸಾಮಾನ್ಯವಾಗಿ ಆ ಬಾಗಿಲಲ್ಲಿ ಕೇಳುವವರು ಯಾರೂ ಇಲ್ಲ, ಅಂದರೆ ಅಪಾಚೆ ನಡೆಯುತ್ತಿಲ್ಲ ಎಂದರ್ಥ. ಬಹಳ ಹೊತ್ತು ಕಾದರೂ ಉತ್ತರವೇ ಬಾರದಿದ್ದರೆ ನಡುವೆ ಕಾವಲುಗೋಡೆ, ಎಂದರೆ ಫೈರ್‌ವಾಲ್, ಬೇಡಿಕೆಯನ್ನು ನುಂಗುತ್ತಿರಬಹುದು. ಈ ಎರಡು ಲಕ್ಷಣಗಳ ಭೇದ ತಿಳಿದವನಿಗೆ ಅರ್ಧ ದಿನದ ಶ್ರಮ ಉಳಿಯುತ್ತದೆ. ನಮ್ಮ ನಿದರ್ಶನದಲ್ಲಿ ಯಾವುದೋ ಒಂದು ಪುಟವಂತೂ ತೆರೆಯುತ್ತಿದೆ. ಆದುದರಿಂದ ಬಾಗಿಲು ತೆರೆದಿದೆ.

ಮೂರನೆಯದು ವಾಡೆಯೊಳಗಿನ ಪಟ್ಟಿ. ಅಪಾಚೆ ನಿಜವಾಗಿ ಓದಿಕೊಂಡಿರುವುದು ಏನನ್ನು? 'ಅಪಾಚೆಸಿಟಿಎಲ್' ಎಂಬ ಆಜ್ಞೆಗೆ ದೊಡ್ಡಕ್ಷರದ '-ಎಸ್' ಎಂಬ ಆಯ್ಕೆಯನ್ನು ಸೇರಿಸಿ ಕೇಳಿದರೆ, ಯಾವ ಬಾಗಿಲಲ್ಲಿ ಯಾವ ಹೆಸರುಗಳಿವೆ, ಅವುಗಳಲ್ಲಿ ಮೊದಲನೆಯದು ಯಾವುದು, ಯಾವ ಕಡತದ ಎಷ್ಟನೆಯ ಸಾಲಿನಲ್ಲಿ ಬರೆದಿದೆ ಎಂಬುದನ್ನೆಲ್ಲ ಅದು ಪಟ್ಟಿಮಾಡಿ ಹೇಳುತ್ತದೆ. ವಿದ್ಯಾರ್ಥಿ ಕೇಳಿದಾಗ ಪಟ್ಟಿಯಲ್ಲಿ ಇದ್ದುದು ಹಳೆಯ ವಿದ್ಯಾರ್ಥಿಗಳ ತಾಣ ಒಂದೇ! ಡೆಬಿಯನ್, ಉಬುಂಟು ಬಗೆಯ ಲಿನಕ್ಸ್‌ಗಳಲ್ಲಿ ತಾಣಗಳ ಕಡತಗಳನ್ನು ಇಡುವ ಕೋಶ ಒಂದು, ಅಪಾಚೆ ಓದುವ ಕೋಶ ಇನ್ನೊಂದು. 'ಎ2ಎನ್‌ಸೈಟ್' ಎಂಬ ಆಜ್ಞೆಯಿಂದ ಮೊದಲಿನದರಿಂದ ಎರಡನೆಯದಕ್ಕೆ ಕೊಂಡಿ ಹಾಕಬೇಕು. ಅಲ್ಲದೆ ಕಡತದ ಹೆಸರು '.ಕಾನ್ಫ್' ಎಂದು ಮುಗಿಯತಕ್ಕದ್ದು. ನಮ್ಮ ವಿದ್ಯಾರ್ಥಿ ಈ ಕೊನೆಯನ್ನು ಬರೆಯುವುದನ್ನೇ ಮರೆತಿದ್ದ. ಅದನ್ನು ಸರಿಪಡಿಸಿ, ಕೊಂಡಿ ಹಾಕಿ, 'ಕಾನ್ಫಿಗ್‌ಟೆಸ್ಟ್' ಮಾಡಿಸಿದ. ವ್ಯಾಕರಣ ಸರಿಯಿದೆ ಎಂದು ಉತ್ತರ ಬಂದಿತು. ಸಂಯೋಜನೆಯನ್ನು ಮತ್ತೆ ಓದಿಕೊಳ್ಳುವಂತೆ ಅಪಾಚೆಗೆ ಆಜ್ಞಾಪಿಸಿದ. ಹೀಗೆ ಮಾಡದಿದ್ದರೆ ಕಡತದಲ್ಲಿ ಏನು ಬರೆದರೂ ಫಲವಿಲ್ಲ. ಈಗ ಪಟ್ಟಿಯಲ್ಲಿ ಎರಡು ಹೆಸರುಗಳಿದ್ದವು. ಹರ್ಷದಿಂದ ನೀರಿನ ತಾಣವನ್ನು ತೆರೆದು ನೋಡಿದರೆ, ಮತ್ತೆ ಅದೇ ಸಮ್ಮೇಳನದ ಭಾವಚಿತ್ರ!

ಕನ್ನಡದ ಹೆಸರಿಗೆ ಇನ್ನೊಂದು ವೇಷ

ಇಂಥ ಸಮಯದಲ್ಲಿ ಧೈರ್ಯಗೆಟ್ಟು ಹತ್ತು ಕಡೆ ಹತ್ತು ಬದಲಾವಣೆ ಮಾಡುವವರುಂಟು. ನಮ್ಮ ವಿದ್ಯಾರ್ಥಿ ಹಾಗೆ ಮಾಡಲಿಲ್ಲ. ಹೆಸರು ಪಟ್ಟಿಯಲ್ಲಿದೆ, ಆದರೂ ಮೂರನೆಯ ನಿಯಮ ಜಾರಿಯಾಗುತ್ತಿದೆ. ಎಂದ ಮೇಲೆ ಲಕೋಟೆಯ ಮೇಲಿನ ಹೆಸರೂ ಪಟ್ಟಿಯ ಹೆಸರೂ ಒಂದೇ ಆಗಿರಲಾರವು. ಲಕೋಟೆಯ ಮೇಲೆ ನಿಜವಾಗಿ ಏನು ಬರೆದಿದೆ? 'ಕರ್ಲ್' ಎಂಬ ಸಾಧನ ಬ್ರೌಸರಿನಂತೆಯೇ ಬೇಡಿಕೆಯನ್ನು ಕಳುಹಿಸಿ, ತಾನು ಕಳುಹಿಸಿದ ಸಾಲುಗಳನ್ನು ತೋರಿಸಬಲ್ಲುದು. ಅದರಿಂದ ನೋಡಿದಾಗ ಹೋಸ್ಟ್ ಸಾಲಿನಲ್ಲಿ ಕನ್ನಡದ ಒಂದಕ್ಷರವೂ ಇರಲಿಲ್ಲ! 'ಎಕ್ಸ್ಎನ್' ಎಂಬ ಎರಡು ಇಂಗ್ಲಿಷ್ ಅಕ್ಷರಗಳು, ಎರಡು ಅಡ್ಡಗೆರೆಗಳು, ಮುಂದೆ ಅರ್ಥವಿಲ್ಲದಂತೆ ತೋರುವ ಅಕ್ಷರ ಅಂಕೆಗಳ ಸಾಲು.

ಇದರ ಕಾರಣ ಹೀಗಿದೆ. ಜಾಲತಾಣಗಳ ಹೆಸರಿಗೆ ಮೊದಲು ಒಪ್ಪಿಕೊಂಡ ಚಿಹ್ನೆಗಳು ಇಂಗ್ಲಿಷಿನ ಅಕ್ಷರಗಳು, ಹತ್ತು ಅಂಕೆಗಳು, ಅಡ್ಡಗೆರೆ, ಇಷ್ಟೇ. ಇಡೀ ವ್ಯವಸ್ಥೆಯನ್ನು ಕಿತ್ತುಹಾಕದೆ ಜಗತ್ತಿನ ಇತರ ಲಿಪಿಗಳಿಗೂ ಎಡೆಮಾಡಿಕೊಡಲು 2003ರಲ್ಲಿ 'ಪ್ಯೂನಿಕೋಡ್' ಎಂಬ ಬರವಣಿಗೆಯನ್ನು ಬಳಕೆಗೆ ತಂದರು. ಕನ್ನಡದ ಹೆಸರನ್ನು ಬ್ರೌಸರು ಒಂದು ನಿಯತವಾದ ಗಣಿತದ ಕ್ರಮದಿಂದ ಆ ಹಳೆಯ ಚಿಹ್ನೆಗಳಿಗೆ ಮಾರ್ಪಡಿಸುತ್ತದೆ, '.ಭಾರತ' ಎಂಬ ಕೊನೆಯೂ ಹೀಗೆಯೇ ವೇಷ ಬದಲಿಸುತ್ತದೆ. ನಾವು ಓದುವುದು ಕನ್ನಡ. ತಂತಿಯ ಮೇಲೆ ಹರಿಯುವುದು ಅದರ ಪ್ಯೂನಿಕೋಡ್ ರೂಪ.

ವಿದ್ಯಾರ್ಥಿಯಾದರೋ ಸರ್ವರ್‌ನೇಮ್ ಸಾಲಿನಲ್ಲಿ ಅಚ್ಚ ಕನ್ನಡದಲ್ಲಿಯೇ ಬರೆದಿದ್ದ. ಅಪಾಚೆ ಅರ್ಥವನ್ನು ನೋಡುವುದಿಲ್ಲ, ಚಿಹ್ನೆಗೆ ಚಿಹ್ನೆಯನ್ನು ಹೋಲಿಸುತ್ತದೆ. ವ್ಯಾಕರಣ ಪರೀಕ್ಷೆಯಲ್ಲಿ ಇದು ತಪ್ಪೆಂದು ತೋರದಿದ್ದುದಕ್ಕೆ ಕಾರಣವೂ ಅದೇ: ವಾಕ್ಯದ ಕಟ್ಟು ಸರಿಯಾಗಿತ್ತು, ಮಾತು ಮಾತ್ರ ನಿಜವಾಗಿರಲಿಲ್ಲ. ಹೆಸರಿನ ಪ್ಯೂನಿಕೋಡ್ ರೂಪವನ್ನು ಆ ಸಾಲಿನಲ್ಲಿ ಬರೆದು ಅಪಾಚೆಗೆ ಮತ್ತೆ ಓದಿಸಿದೊಡನೆ ಸಮ್ಮೇಳನದ ಭಾವಚಿತ್ರ ಮಾಯವಾಯಿತು. ನೀರಿನ ಪುಟ ಬಂದಿತೆ? ಇಲ್ಲ; '403, ಪ್ರವೇಶ ನಿಷಿದ್ಧ' ಎಂಬ ಉತ್ತರ ಬಂದಿತು.

ತಪ್ಪಿನ ಸಂಖ್ಯೆಯೂ ಒಂದು ಉಪಕಾರ

ಹೊಸಬರಿಗೆ ಇದು ಹಿನ್ನಡೆಯೆಂದು ತೋರುವುದು. ನಿಜವಾಗಿ ಇದು ಮುನ್ನಡೆ. ಬೇಡಿಕೆ ಸರಿಯಾದ ಸಂಸಾರದ ಬಾಗಿಲನ್ನು ಮುಟ್ಟಿದೆ. ಅಲ್ಲಿ ಕೋಣೆಗೆ ಬೀಗವಿದೆ. 404 ಎಂದರೆ ಕೇಳಿದ ಪುಟ ಅಲ್ಲಿಲ್ಲ. 403 ಎಂದರೆ ಒಳಗೆ ಬಿಡಲು ಅಪ್ಪಣೆಯಿಲ್ಲ. ಅಪಾಚೆ ತನ್ನ ಕಷ್ಟಗಳನ್ನು ದೋಷದ ದಿನಚರಿಯಲ್ಲಿ ಬರೆದಿಡುತ್ತದೆ. ಅದನ್ನು ಓದದೆ ಊಹಿಸುವವನು ರೋಗಿಯ ನಾಡಿ ಹಿಡಿಯದೆ ಔಷಧ ಕೊಡುವ ವೈದ್ಯನಂತೆ.

ದಿನಚರಿಯಲ್ಲಿ ಅನುಮತಿ ಇಲ್ಲವೆಂದು ಬರೆದಿತ್ತು. ವಿದ್ಯಾರ್ಥಿ ನೀರಿನ ಪುಟಗಳನ್ನು ತನ್ನ ಸ್ವಂತ 'ಹೋಮ್' ಕೋಶದಲ್ಲಿ ಇಟ್ಟಿದ್ದ. ಲಿನಕ್ಸಿನಲ್ಲಿ ಒಂದು ಕಡತವನ್ನು ಓದಬೇಕಾದರೆ ಅದನ್ನು ಓದುವ ಅಪ್ಪಣೆ ಇದ್ದರೆ ಸಾಲದು. ದಾರಿಯಲ್ಲಿ ಬರುವ ಪ್ರತಿಯೊಂದು ಕೋಶವನ್ನೂ ಹಾದುಹೋಗುವ ಅಪ್ಪಣೆ ಇರಬೇಕು. ಉಬುಂಟುವಿನ 2021ರ 21.04 ಆವೃತ್ತಿಯಿಂದ ಹೊಸ ಬಳಕೆದಾರರ ಹೋಮ್ ಕೋಶಗಳು ಇತರರಿಗೆ ಮುಚ್ಚಿಯೇ ಇರುತ್ತವೆ. ಅಪಾಚೆಯೂ ಅಲ್ಲಿ ಹೊರಗಿನವನೇ. ಕೆಲವರು ಎಲ್ಲ ಕೋಶಗಳನ್ನೂ ಎಲ್ಲರಿಗೂ ತೆರೆದಿಟ್ಟು ತೊಂದರೆಯಿಂದ ಪಾರಾಗುತ್ತಾರೆ. ಇದು ಬೀಗದ ಕೈ ಸಿಗದೆಂದು ಬಾಗಿಲನ್ನೇ ಕಿತ್ತೊಗೆದಂತೆ. ವಿದ್ಯಾರ್ಥಿ ಪುಟಗಳನ್ನು ಜಾಲತಾಣಗಳಿಗೆಂದೇ ಮೀಸಲಾದ '/ವಾರ್/ಡಬ್ಲ್ಯುಡಬ್ಲ್ಯುಡಬ್ಲ್ಯು' ಕೋಶಕ್ಕೆ ಸಾಗಿಸಿದ. ಡಾಕ್ಯುಮೆಂಟ್‌ರೂಟ್ ಸಾಲನ್ನೂ ಅದಕ್ಕೆ ತಕ್ಕಂತೆ ತಿದ್ದಿದ. ಈ ಸಲ ನೀರಿನ ಸರದಿ ತೆರೆಯಿತು.

ಇನ್ನು ಉಳಿದುದು ಒಂದೇ ತೊಡಕು. 443ನೆಯ ಬಾಗಿಲಿನಿಂದ ಬಂದವರಿಗೆ ಬ್ರೌಸರು 'ಪ್ರಮಾಣಪತ್ರ ಬೇರೆಯವರದು' ಎಂದು ಎಚ್ಚರಿಸುತ್ತಿತ್ತು. ಗುಪ್ತಲಿಪಿಯ ಮಾತುಕತೆಯಲ್ಲಿ ಪ್ರಮಾಣಪತ್ರವನ್ನು ತೋರಿಸುವುದು ಮೊದಲು, ಹೋಸ್ಟ್ ಸಾಲು ಬರುವುದು ಅನಂತರ. ಹಾಗಾದರೆ ಯಾರ ಪ್ರಮಾಣಪತ್ರವನ್ನು ತೋರಿಸಬೇಕೆಂದು ಯಂತ್ರಕ್ಕೆ ತಿಳಿಯುವುದು ಹೇಗೆ? 2003ರಲ್ಲಿ ಸೇರಿಸಿದ 'ಎಸ್‌ಎನ್‌ಐ' ಎಂಬ ವಿಸ್ತರಣೆಯಂತೆ, ಬ್ರೌಸರು ಕೈಕುಲುಕುವಾಗಲೇ ಹೆಸರನ್ನು ಹೇಳುತ್ತದೆ. ಆದರೆ ವಿದ್ಯಾರ್ಥಿ 443ನೆಯ ಬಾಗಿಲಿಗೆ ಹಳೆಯ ವಿದ್ಯಾರ್ಥಿಗಳ ಪರಿಚ್ಛೇದವನ್ನು ಮಾತ್ರ ಬರೆದಿದ್ದ. ಮೂರನೆಯ ನಿಯಮ ಇಲ್ಲಿಯೂ ತನ್ನ ಕೆಲಸವನ್ನು ಮಾಡಿತು. 80ಕ್ಕೆ ಬರೆದುದು 443ಕ್ಕೆ ಸಲ್ಲುವುದಿಲ್ಲ. ಪ್ರತಿ ಬಾಗಿಲಿಗೂ ಪ್ರತ್ಯೇಕ ಪಟ್ಟಿ. ನೀರಿನ ತಾಣಕ್ಕೆ ಅದರದೇ ಪ್ರಮಾಣಪತ್ರವನ್ನು ಪಡೆದು, ಎರಡನೆಯ ಪರಿಚ್ಛೇದವನ್ನು ಬರೆದ ಮೇಲೆ ಎಚ್ಚರಿಕೆ ನಿಂತಿತು.

ಮನೆಯಲ್ಲಿಯೇ ಮಾಡಿ ನೋಡಬಹುದು

ಇದನ್ನು ಕಲಿಯಲು ಬಾಡಿಗೆಯ ಯಂತ್ರವೇ ಬೇಕೆಂದಿಲ್ಲ. ಲಿನಕ್ಸ್ ಇರುವ ಹಳೆಯ ಗಣಕವೊಂದು ಸಾಕು. ಅದರಲ್ಲಿ 'ಹೋಸ್ಟ್ಸ್' ಎಂಬ ಚಿಕ್ಕ ಕಡತವೊಂದು ಇರುತ್ತದೆ. ಸಾಮಾನ್ಯವಾಗಿ ಡಿಎನ್‌ಎಸ್‌ಗಿಂತ ಮೊದಲು ಯಂತ್ರ ನೋಡುವುದು ಅದನ್ನೇ. ಅಲ್ಲಿ 127.0.0.1 ಎಂಬ ಅಂಕೆಯ ಮುಂದೆ ಎರಡು ಹೆಸರುಗಳನ್ನು ಬರೆಯಿರಿ. ಆ ಅಂಕೆ ಯಾವಾಗಲೂ ತನ್ನನ್ನೇ ಸೂಚಿಸುತ್ತದೆ. ಅಪಾಚೆಯಲ್ಲಿ ಎರಡು ಪರಿಚ್ಛೇದಗಳನ್ನು ಮಾಡಿ, ಎರಡು ಕೋಶಗಳಲ್ಲಿ ಒಂದೊಂದು ಸಾಲಿನ ಪುಟವನ್ನು ಇಡಿ. ಎರಡೂ ತೆರೆದ ಮೇಲೆ ಬೇಕೆಂದೇ ಒಂದು ಸರ್ವರ್‌ನೇಮ್‌ನಲ್ಲಿ ಅಕ್ಷರವೊಂದನ್ನು ತಪ್ಪಿಸಿ, ಮತ್ತೆ ಓದಿಸಿ ಏನಾಗುವುದೆಂದು ನೋಡಿ. ಕೋಶದ ಅಪ್ಪಣೆಯನ್ನು ತೆಗೆದು ನೋಡಿ. ಪ್ರತಿ ಸಲವೂ ಒಂದನ್ನೇ ಬದಲಿಸಿ, ಫಲವನ್ನು ಪುಸ್ತಕದಲ್ಲಿ ಬರೆದಿಡಿ. ರಸಾಯನಶಾಸ್ತ್ರದ ಪ್ರಯೋಗಶಾಲೆಯಲ್ಲಿ ಪಾಲಿಸುವ ಕ್ರಮವೇ ಇಲ್ಲಿಯೂ ಸಲ್ಲುತ್ತದೆ: ಎರಡು ಬದಲಾವಣೆಗಳನ್ನು ಒಟ್ಟಿಗೆ ಮಾಡಿದವನು ಯಾವುದರಿಂದ ಗುಣವಾಯಿತೆಂದು ಹೇಳಲಾರ.

ನಮ್ಮ ವಿದ್ಯಾರ್ಥಿ ಕಂಡುಹಿಡಿದ ದೋಷಗಳು ಒಟ್ಟು ನಾಲ್ಕು. ಒಂದನ್ನು ಸರಿಪಡಿಸುವವರೆಗೆ ಅದರ ಹಿಂದಿನದು ಕಾಣುತ್ತಿರಲಿಲ್ಲ. ಕೊನೆಗೆ ಅವನು ಇನ್ನೂ ಒಂದು ಕೆಲಸ ಮಾಡಿದ. ಯಾವ ಹೆಸರಿಗೂ ಹೊಂದದೆ ಬರುವ ಬೇಡಿಕೆಗಳಿಗಾಗಿ ಪಟ್ಟಿಯ ಮೊದಲಲ್ಲಿ ಮೂರನೆಯ ಪರಿಚ್ಛೇದವೊಂದನ್ನು ಇಟ್ಟು, "ಈ ಹೆಸರಿನ ತಾಣ ಇಲ್ಲಿಲ್ಲ" ಎಂಬ ಒಂದೇ ಸಾಲನ್ನು ಅಲ್ಲಿ ಬರೆದ. ಇನ್ನು ಮುಂದೆ ಎಲ್ಲಿಯಾದರೂ ಹೆಸರು ತಪ್ಪಿದರೆ ಕೊನೆಭಾಗದ ರೈತ ಬೇರೆಯವರ ಪುಟವನ್ನು ನೋಡಿ ಗಲಿಬಿಲಿಗೊಳ್ಳಬೇಕಾಗಿಲ್ಲ. ತಪ್ಪಾಗಿದೆ ಎಂಬುದಾದರೂ ಅವನಿಗೆ ಕೂಡಲೇ ತಿಳಿಯುವುದು, ಸರದಿ ಮುಗಿಯುವುದರೊಳಗೆ ಬೇರೆ ಕಡೆ ವಿಚಾರಿಸಲು ಹೊತ್ತು ಉಳಿಯುವುದು.